ಮಾನ್ವಿಯಿಂದ ಪುಣೆಗೆ: ರೋಗಿಯ ಹಾಸಿಗೆಯೂ ರೋಗದ ಕಾವಲೂ

2022ರ ಡಿಸೆಂಬರ್ 12ರಂದು ಅಂದಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಒಂದು ಸುದ್ದಿಯನ್ನು ಪ್ರಕಟಿಸಿದರು. ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯೊಬ್ಬಳಲ್ಲಿ ಜಿಕಾ ವೈರಸ್ ಸೋಂಕು ದೃಢಪಟ್ಟಿದೆ, ಇದು ಕರ್ನಾಟಕದ ಮೊದಲ ಪ್ರಕರಣ ಎಂಬುದೇ ಆ ಸುದ್ದಿ. ಬಾಲಕಿ ಮಾನ್ವಿ ತಾಲ್ಲೂಕಿನವಳು. ಎಲ್ಲಿಗೂ ಪ್ರವಾಸ ಹೋದವಳಲ್ಲ. ಪತ್ರಿಕೆಗಳು ಎರಡು ದಿನ ಬರೆದವು, ಆರೋಗ್ಯ ಇಲಾಖೆಯವರು ಊರಿಗೆ ಹೋಗಿ ನೆರೆಹೊರೆಯವರ ಮತ್ತು ಗರ್ಭಿಣಿಯರ ತಪಾಸಣೆ ನಡೆಸಿದರು, ಲಾರ್ವಾ ಹುಡುಕಿದರು. ಬಾಲಕಿ ಗುಣಮುಖಳಾದಳು. ವಿಷಯ ಅಲ್ಲಿಗೆ ಮರೆತುಹೋಯಿತು.

ನನಗೆ ಮಾತ್ರ ಆ ಸುದ್ದಿಯ ಒಂದು ಸಣ್ಣ ವಿವರ ತಲೆಯಲ್ಲಿ ಉಳಿಯಿತು. ಆ ಮಗುವಿನ ರಕ್ತವನ್ನು ಪುಣೆಗೆ ಕಳಿಸಿದ್ದು ಜಿಕಾ ಇದೆ ಎಂಬ ನಿರ್ದಿಷ್ಟ ಅನುಮಾನದಿಂದಲ್ಲ. ಜ್ವರ ಬಂದ ಮಗುವಿಗೆ ಸಿಂಧನೂರಿನಲ್ಲಿಯೂ ಆಮೇಲೆ ಬಳ್ಳಾರಿಯ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ವಿಮ್ಸ್‌ನಲ್ಲಿಯೂ ಚಿಕಿತ್ಸೆ ನಡೆದಿತ್ತೆಂದು ಅಂದಿನ ವರದಿಗಳು ಹೇಳುತ್ತವೆ. (ಆ ಸಂಸ್ಥೆಯ ಇಂದಿನ ಹೆಸರು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ.) ರಕ್ತವನ್ನು ಡೆಂಗಿ ಮತ್ತು ಚಿಕೂನ್‌ಗುನ್ಯಾಕ್ಕಾಗಿ ಪರೀಕ್ಷಿಸಲಾಗಿತ್ತು. ಇಂಥ ಮಾದರಿಗಳಲ್ಲಿ ಸುಮಾರು ನೂರಕ್ಕೆ ಹತ್ತನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳಿಸುವುದು ವಾಡಿಕೆ ಎಂದು ಸಚಿವರೇ ಹೇಳಿದರು. ಡಿಸೆಂಬರ್ 5ರಂದು ಮೂರು ಮಾದರಿಗಳು ಹೋದವು. 8ರಂದು ಉತ್ತರ ಬಂತು. ಎರಡರಲ್ಲಿ ಏನೂ ಇಲ್ಲ, ಒಂದರಲ್ಲಿ ಜಿಕಾ.

ನಾನು ಭೌತಶಾಸ್ತ್ರದ ಮೇಷ್ಟ್ರು, ವೈದ್ಯನಲ್ಲ. ಆದರೆ ಉಪಕರಣವೊಂದು ತಾನು ಹುಡುಕದೇ ಇದ್ದ ಸಂಕೇತವನ್ನು ಹಿಡಿದಾಗ ಅದು ಹೇಗೆ ಹಿಡಿಯಿತು ಎಂದು ಕೇಳುವುದು ನಮ್ಮ ಕಸುಬಿನ ಚಟ. ಇಲ್ಲಿ ಉಪಕರಣ ಯಾವುದು? ಪುಣೆಯ ಪಿಸಿಆರ್ ಯಂತ್ರ ಎಂದು ಥಟ್ಟನೆ ಹೇಳಬಹುದು. ಅದು ಉತ್ತರದ ಕೊನೆಯ ತುಂಡು ಮಾತ್ರ. ಜ್ವರದ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದ ತಾಯಿ, ಒಂದು ಹಾಸಿಗೆ, ರಕ್ತ ತೆಗೆದ ದಾದಿ, ‘ಇದನ್ನು ಮುಂದಕ್ಕೂ ಕಳಿಸೋಣ’ ಎಂದ ವೈದ್ಯರು, ಐಸ್ ತುಂಬಿದ ಡಬ್ಬಿ, ಇವೆಲ್ಲ ಸೇರಿಯೇ ಆ ಉಪಕರಣ. ಸಾಂಕ್ರಾಮಿಕ ರೋಗಗಳ ಸರ್ವೇಕ್ಷಣೆ ಎಂದು ಇಲಾಖೆ ಕರೆಯುವ ಕಾವಲು ಕೆಲಸ ಚಿಕಿತ್ಸೆಯ ಬೆನ್ನೇರಿಯೇ ನಡೆಯುತ್ತದೆ. ನಮ್ಮ ದಕ್ಷಿಣ ಭಾರತದ ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕೆ ಬಹಳ ಒಳ್ಳೆಯ ಸಾಕ್ಷ್ಯಗಳಿವೆ.

ವೆಲ್ಲೂರಿನ ಮಕ್ಕಳ ವಾರ್ಡು

ಅದಕ್ಕೂ ಮುಂಚಿನ ಒಂದು ಮಾತನ್ನು ಹೇಳಿ ಮುಂದೆ ಹೋಗುತ್ತೇನೆ. ಮಲೇರಿಯಾ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆಂದು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಆಗ ರಾಯಚೂರು ಕೂಡ ಅದೇ ನಿಜಾಮರ ಸಂಸ್ಥಾನದ ಭಾಗ. ರಾಸ್ ಸೀಳಿ ನೋಡಿದ ಸೊಳ್ಳೆಗಳು ರಕ್ತ ಹೀರಿದ್ದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೈಯಿಂದ. ಪಾಠಪುಸ್ತಕಗಳಲ್ಲಿ ರಾಸ್ ಇದ್ದಾರೆ, ಹುಸೇನ್ ಖಾನ್ ಅಪರೂಪ.

ಸ್ವಾತಂತ್ರ್ಯದ ನಂತರ, 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ತೆರೆದವು. 1978ರಲ್ಲಿ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಕೇಂದ್ರದ ಮೊದಮೊದಲ ಕೆಲಸವೆಂದರೆ ದೇಶದ ಬೇರೆ ಬೇರೆ ಕಡೆಯ ಆರೋಗ್ಯವಂತರ ರಕ್ತ ಸಂಗ್ರಹಿಸಿ, ಅದರಲ್ಲಿ ಯಾವ ಯಾವ ವೈರಸ್‌ಗಳ ವಿರುದ್ಧ ಪ್ರತಿಕಾಯಗಳಿವೆ ಎಂದು ನೋಡುವುದು. ಸ್ಮಿತ್‌ಬರ್ನ್, ಕೆರ್ ಮತ್ತು ಗಾತ್ನೆ 1954ರಲ್ಲಿ ಪ್ರಕಟಿಸಿದ ಈ ಸಮೀಕ್ಷೆಯಲ್ಲಿ ಎರಡು ಸಂಗತಿಗಳು ಇಂದಿಗೂ ಕುತೂಹಲ ಹುಟ್ಟಿಸುತ್ತವೆ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಸಿಕ್ಕವು. ಜಿಕಾ ವೈರಸ್ಸಿಗೂ ಸಿಕ್ಕವು, 196 ಜನರಲ್ಲಿ 33 ಮಂದಿಯಲ್ಲಿ! ಜಿಕಾ ಆಗ ಹೊಸ ಹೆಸರು. 1947ರಲ್ಲಿ ಉಗಾಂಡದ ಜಿಕಾ ಕಾಡಿನಲ್ಲಿ, ಹಳದಿ ಜ್ವರದ ಕಾವಲಿಗೆಂದು ಮರದ ಮೇಲಿನ ಪಂಜರದಲ್ಲಿ ಇರಿಸಿದ್ದ ಒಂದು ರೀಸಸ್ ಕೋತಿಗೆ ಜ್ವರ ಬಂದಾಗ ಅದು ಪತ್ತೆಯಾಗಿತ್ತು. ರೀಸಸ್ ಏಷ್ಯಾದ ಕೋತಿ. ಆಫ್ರಿಕಾದ ವೈರಸ್‌ಗಳ ಪರಿಚಯ ಅದರ ಮೈಗೆ ಇಲ್ಲದ ಕಾರಣ ಅದನ್ನು ಕಾವಲಿಗೆ ಕೂರಿಸಿದ್ದರು.

ಆದರೆ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು ಎಂದ ಮಾತ್ರಕ್ಕೆ ರೋಗ ಇದೆ ಎಂದಾಗಲಿಲ್ಲ. ಜ್ವರ ಬಂದವರು ಎಲ್ಲಿ? ಜಪಾನೀಸ್ ಎನ್ಸೆಫಲೈಟಿಸ್ ವಿಷಯದಲ್ಲಿ ಉತ್ತರ ಬಂದದ್ದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ. 1955ರಲ್ಲಿ ಅಲ್ಲಿನ ಮಕ್ಕಳ ವಾರ್ಡಿಗೆ ಉತ್ತರ ಆರ್ಕಾಟ್ ಜಿಲ್ಲೆಯಿಂದಲೂ ನೆರೆಯ ಆಂಧ್ರದ ಹಳ್ಳಿಗಳಿಂದಲೂ ಜ್ವರ, ಸೆಳವು, ಪ್ರಜ್ಞಾಹೀನತೆಯ ಮಕ್ಕಳು ಬಂದರು. ವೆಬ್ ಮತ್ತು ಪೆರೇರಾ ಎಂಬ ವೈದ್ಯರು ರೋಗಲಕ್ಷಣಗಳನ್ನು ಮಾತ್ರ ಆಧರಿಸಿ ಇದು ಕೀಟಗಳಿಂದ ಹರಡುವ ವೈರಸ್ಸಿನ ಮೆದುಳು ಜ್ವರ ಇರಬೇಕೆಂದು ಬರೆದರು. ಪುಣೆಯ ಟೆಲ್ಫರ್ಡ್ ವರ್ಕ್ ಮತ್ತು ಕೀರ್ತಿ ಷಾ ರಕ್ತ ಪರೀಕ್ಷೆ ಮಾಡಿ ಅದು ಯಾವ ವೈರಸ್ ಎಂದು ಹೇಳಿದರು. ಎರಡೂ ಪ್ರಬಂಧಗಳು 1956ರಲ್ಲಿ ಒಂದೇ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚಾದವು. ಒಂದು ಹಾಸಿಗೆಯ ಪಕ್ಕದಿಂದ ಬರೆದದ್ದು, ಇನ್ನೊಂದು ಪ್ರಯೋಗಾಲಯದ ಮೇಜಿನಿಂದ. ವಿಜ್ಞಾನದ ಚರಿತ್ರೆಯನ್ನು ಕಲಿಸುವ ಅಧ್ಯಾಪಕರು ಈ ಜೋಡಿಯನ್ನು ತರಗತಿಯಲ್ಲಿ ಹೇಳಬೇಕು ಎಂಬುದು ನನ್ನ ಆಸೆ. ಮೊದಲನೆಯದು ಇಲ್ಲದಿದ್ದರೆ ಎರಡನೆಯದಕ್ಕೆ ಪರೀಕ್ಷಿಸಲು ರಕ್ತವೇ ಇರುತ್ತಿರಲಿಲ್ಲ.

ಎರಡು ವರ್ಷಗಳ ನಂತರ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನ ಜ್ವರದಲ್ಲಿ ಮಲಗಿದಾಗ ಪುಣೆಯ ತಂಡವೇ ಬಂದು ಮಂಗನ ಕಾಯಿಲೆಯ ವೈರಸ್ಸನ್ನು ಬೇರ್ಪಡಿಸಿತು. ಆ ಕಥೆ ನಮ್ಮ ಓದುಗರಿಗೆ ಚೆನ್ನಾಗಿ ಗೊತ್ತು.

ಕೋಲಾರದ ರೋಗಿ, ಹೈದರಾಬಾದಿನ ಲಸಿಕೆ

ಕರ್ನಾಟಕದಲ್ಲಿ ಮೆದುಳು ಜ್ವರ ದೊಡ್ಡದಾಗಿ ಕಾಣಿಸಿಕೊಂಡದ್ದು 1977–78ರಲ್ಲಿ, ಕೋಲಾರ ಜಿಲ್ಲೆಯಲ್ಲಿ. ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ತೀರಿಹೋದ ರೋಗಿಗಳಿಂದ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನಷ್ಟೇ ಅಲ್ಲ, ಅದರ ದಾಯಾದಿಯಾದ ವೆಸ್ಟ್ ನೈಲ್ ವೈರಸ್ಸನ್ನೂ ಬೇರ್ಪಡಿಸಿದರು. ಎಂಬತ್ತರ ದಶಕದ ಆರಂಭದಲ್ಲಿ ಕೋಲಾರದ ಒಬ್ಬ ರೋಗಿಯಿಂದ ಬೇರ್ಪಡಿಸಿದ ವೈರಸ್ ತಳಿಯೊಂದನ್ನು ಪುಣೆಯಲ್ಲಿ ಜೋಪಾನವಾಗಿ ಇಡಲಾಯಿತು. ಮೂರು ದಶಕಗಳ ನಂತರ ಹೈದರಾಬಾದಿನ ಭಾರತ್ ಬಯೋಟೆಕ್ ಅದೇ ತಳಿಯಿಂದ ‘ಜೆನ್‌ವ್ಯಾಕ್’ ಎಂಬ ಲಸಿಕೆಯನ್ನು ತಯಾರಿಸಿತು. 2013ರಲ್ಲಿ ಅದು ಬಿಡುಗಡೆಯಾಯಿತು. ಕೋಲಾರದ ಆ ರೋಗಿಯ ಹೆಸರು ನಮಗೆ ಬೇಕಿಲ್ಲ. ಆದರೆ ಲಸಿಕೆಯ ತಾಂತ್ರಿಕ ವಿವರಗಳಲ್ಲಿ ‘ಕೋಲಾರ’ ಎಂಬ ಊರಿನ ಹೆಸರು ಇಂದಿಗೂ ಉಳಿದಿದೆ.

ಇನ್ನು ರಾಯಚೂರಿಗೆ ಬರೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳಿಗೆ ಹರಿದ ಮೇಲೆ ಜೋಳ, ಹತ್ತಿಯ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಅಣೆಕಟ್ಟಿನ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. ನೀರಿನೊಂದಿಗೆ ಅನ್ನ ಬಂತು, ಕ್ಯಾಂಪುಗಳು ಬಂದವು, ಅಕ್ಕಿ ಗಿರಣಿಗಳು ಬಂದವು. ನಿಂತ ನೀರಿನ ಗದ್ದೆಯಲ್ಲಿ ಹುಲುಸಾಗಿ ಬೆಳೆಯುವ ಕ್ಯುಲೆಕ್ಸ್ ಜಾತಿಯ ಸೊಳ್ಳೆಯೂ ಬಂತು. ಗದ್ದೆಯ ಬೆಳ್ಳಕ್ಕಿ, ಕೊಕ್ಕರೆಗಳ ಮೈಯಲ್ಲಿ ಮೆದುಳು ಜ್ವರದ ವೈರಸ್ ಇರುತ್ತದೆ. ಹಂದಿಯ ಮೈ ಸೇರಿದರೆ ಅದು ಬೇಗ ವೃದ್ಧಿಯಾಗುತ್ತದೆ. ಸೊಳ್ಳೆ ಇವೆರಡರಿಂದ ಮನುಷ್ಯನಿಗೆ ತರುತ್ತದೆ. ಮನುಷ್ಯನ ರಕ್ತದಲ್ಲಿ ವೈರಸ್ ಮತ್ತೆ ಸೊಳ್ಳೆಗೆ ತಗಲುವಷ್ಟು ಪ್ರಮಾಣಕ್ಕೆ ಏರುವುದಿಲ್ಲ. ಆದ್ದರಿಂದ ಈ ರೋಗದಲ್ಲಿ ಆಸ್ಪತ್ರೆಯ ರೋಗಿ ಯಾರಿಗೂ ಸೋಂಕು ಹಂಚುವವನಲ್ಲ, ಗದ್ದೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಸುವ ಮುಳ್ಳು ಮಾತ್ರ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳು ರಾಜ್ಯದ ಮೆದುಳು ಜ್ವರದ ಪಟ್ಟಿಯಲ್ಲಿವೆ. 2006ರಲ್ಲಿ ದೇಶದ ಹನ್ನೊಂದು ಜಿಲ್ಲೆಗಳಲ್ಲಿ ಮಕ್ಕಳಿಗೆ ಈ ಲಸಿಕೆ ಹಾಕುವ ಕಾರ್ಯಕ್ರಮ ಶುರುವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಬಳ್ಳಾರಿ. ರಾಯಚೂರು ಮುಂದಿನ ವರ್ಷಗಳಲ್ಲಿ ಸೇರಿತು.

ಯಾವ ಜಿಲ್ಲೆಗೆ ಮೊದಲು ಲಸಿಕೆ ಎಂದು ನಿರ್ಧರಿಸುವುದು ಹೇಗೆ? ರೋಗಿಗಳ ಲೆಕ್ಕದಿಂದ. ಆ ಲೆಕ್ಕ ಹುಟ್ಟುವುದು ಎಲ್ಲಿ? ಇಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ವಿಷಯ ಬರುತ್ತದೆ.

ಬೆನ್ನಿನ ಸೂಜಿ

ನಿಮ್ಹಾನ್ಸ್ 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ಹುಟ್ಟಿದ್ದು. ಹುಟ್ಟಿನಲ್ಲೇ ಅದು ಅರ್ಧ ಆಸ್ಪತ್ರೆ, ಅರ್ಧ ಸಂಶೋಧನಾಲಯ. ಅಲ್ಲಿನ ನ್ಯೂರೋವೈರಾಲಜಿ ವಿಭಾಗ ಎಂಬತ್ತರ ದಶಕದಿಂದ ಮೆದುಳು ಜ್ವರದ ಮೇಲೆ ಕೆಲಸ ಮಾಡಿದೆ. ಡಾ. ವಿ. ರವಿ ಮತ್ತು ಸಹೋದ್ಯೋಗಿಗಳು 1989ರಲ್ಲಿ ರೋಗ ಪತ್ತೆಯ ಪರೀಕ್ಷೆಗಳನ್ನೂ ರೋಗಿಯ ಮುಂದಿನ ಗತಿಯನ್ನೂ ಹೋಲಿಸಿ ನೋಡಿದರು. 1993ರಲ್ಲಿ, ಕೆಲವರ ನರಮಂಡಲದಲ್ಲಿ ವೈರಸ್ ರೋಗದ ಮೊದಲ ದಿನಗಳು ಕಳೆದ ಮೇಲೂ ಉಳಿದುಕೊಂಡಿರುತ್ತದೆ ಎಂದು ತೋರಿಸಿದರು. ರೋಗಿಯನ್ನು ಮತ್ತೆ ಮತ್ತೆ ಕರೆಸಿ ನೋಡುವ ಆಸ್ಪತ್ರೆ ಪಕ್ಕದಲ್ಲೇ ಇಲ್ಲದಿದ್ದರೆ ಇಂಥ ಪ್ರಶ್ನೆ ಕೇಳುವುದೇ ಸಾಧ್ಯವಿಲ್ಲ.

ಮೆದುಳು ಜ್ವರದ ಪರೀಕ್ಷೆಗೆ ಅತ್ಯುತ್ತಮ ಮಾದರಿ ರಕ್ತವಲ್ಲ, ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ. ಅದರಲ್ಲಿ ಐಜಿಎಂ ಎಂಬ ಪ್ರತಿಕಾಯ ಕಂಡರೆ ವೈರಸ್ ನರಮಂಡಲಕ್ಕೇ ತಗಲಿದೆ ಎಂದು ಧೈರ್ಯವಾಗಿ ಹೇಳಬಹುದು. ರೋಗದ ಮೊದಲ ಮೂರು ನಾಲ್ಕು ದಿನಗಳಲ್ಲಿ ಅದು ಕಾಣದೇ ಇರಬಹುದು. ಹತ್ತು ದಿನದ ಹೊತ್ತಿಗೆ ಬಹುತೇಕ ಎಲ್ಲರಲ್ಲೂ ಕಾಣುತ್ತದೆ. ಆದರೆ ದ್ರವವನ್ನು ತೆಗೆಯಲು ಸೊಂಟದ ಬಳಿ ಬೆನ್ನೆಲುಬಿನ ಸಂದಿಗೆ ಸೂಜಿ ಹಾಕಬೇಕು. ನಮ್ಮ ಕಡೆ ‘ಬೆನ್ನಾಗಿನ ನೀರು ತಗೀತಾರ’ ಎಂದರೆ ಮನೆಯವರು ಬೆಚ್ಚಿಬೀಳುತ್ತಾರೆ. ಅಲ್ಲಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಎಂಬ ಭಯ ಇದೆ. ಅನುಭವಿ ಕೈಯಲ್ಲಿ ಅದು ಸುರಕ್ಷಿತ ವಿಧಾನ, ಭಯಕ್ಕೆ ಆಧಾರವಿಲ್ಲ. ಆದರೂ ಒಪ್ಪಿಗೆ ಕೊಡಬೇಕಾದವರು ತಾಯಿ ತಂದೆ.

ಸರ್ವೇಕ್ಷಣೆಗಾಗಿ ಬೆನ್ನಿನ ದ್ರವ ಕೊಡಿ ಎಂದರೆ ಜಗತ್ತಿನ ಯಾವ ತಾಯಿಯೂ ಕೊಡಳು. ಮಗುವನ್ನು ಉಳಿಸಲು ಬೇಕು ಎಂದರೆ ಕೊಡುತ್ತಾಳೆ. ಆ ದ್ರವದಿಂದ ಮೊದಲು ನೋಡುವುದು ಇದು ಬ್ಯಾಕ್ಟೀರಿಯಾದಿಂದ ಬಂದ, ಔಷಧಿಗೆ ಬಗ್ಗುವ ಮೆನಿಂಜೈಟಿಸ್ ಹೌದೇ ಎಂಬುದನ್ನು. ಅದು ಮಗುವಿನ ಕೆಲಸ. ಉಳಿದ ಕೆಲವು ಹನಿ ದೇಶದ ಕೆಲಸಕ್ಕೆ. ಅಂದರೆ ಕಾವಲು ವ್ಯವಸ್ಥೆ ಚಿಕಿತ್ಸೆಯಿಂದ ಸಾಲ ಪಡೆದಿದೆ.

2006ರಲ್ಲಿ ಕೇಂದ್ರ ಸರ್ಕಾರದ ಕೀಟಜನ್ಯ ರೋಗ ನಿಯಂತ್ರಣ ಕಾರ್ಯಕ್ರಮ ಇದಕ್ಕೆ ನಿಯಮಾವಳಿ ಮಾಡಿತು. ಹಠಾತ್ ಜ್ವರ, ಅದರ ಜೊತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಬಂದ ಸೆಳವು ಇದ್ದ ಯಾವ ವಯಸ್ಸಿನವರನ್ನೇ ಆಗಲಿ ‘ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್’, ಎ.ಇ.ಎಸ್., ಎಂದು ದಾಖಲಿಸಬೇಕು. (ಮಕ್ಕಳ ಸಾಧಾರಣ ಜ್ವರದ ಸೆಳವು ಇದರಲ್ಲಿ ಸೇರದು.) ಗೊತ್ತುಪಡಿಸಿದ ಕಾವಲು ಆಸ್ಪತ್ರೆಗಳು ಮಾದರಿ ಪರೀಕ್ಷಿಸಬೇಕು, ಅವಕ್ಕೆ ನಿಮ್ಹಾನ್ಸ್‌ನಂಥ ಉನ್ನತ ಪ್ರಯೋಗಾಲಯಗಳು ಆಸರೆಯಾಗಬೇಕು.

ಇದೇ ಹೊತ್ತಿಗೆ ಬಳ್ಳಾರಿಯ ವಿಮ್ಸ್‌ನಲ್ಲಿ ಒಂದು ಸ್ವಾರಸ್ಯದ ಅಧ್ಯಯನ ನಡೆಯಿತು. ಅಲ್ಲಿನ ಮಕ್ಕಳ ವೈದ್ಯರು, ನಿಮ್ಹಾನ್ಸ್ ಮತ್ತು ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಸೇರಿ ಮೆದುಳಿನ ಸೋಂಕು ಶಂಕಿಸಿದ ಮಕ್ಕಳನ್ನು 2005ರ ಅಕ್ಟೋಬರಿನಿಂದ 2007ರ ಏಪ್ರಿಲ್‌ವರೆಗೆ ಗಮನಿಸಿದರು. ನಡುವೆ 2006ರ ಚಿಕೂನ್‌ಗುನ್ಯಾ ಬಂತು. ಅಂದಿನ ಚಿಕೂನ್‌ಗುನ್ಯಾ ನಮ್ಮಲ್ಲಿ ಯಾರಿಗೆ ನೆನಪಿಲ್ಲ? ಕರ್ನಾಟಕವೊಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಊರಿಗೆ ಊರೇ ಗೋಡೆ ಹಿಡಿದು ನಡೆಯುತ್ತಿತ್ತು. ಕೀಲುನೋವಿನ ಜ್ವರ, ಜೀವಕ್ಕೆ ಅಪಾಯವಿಲ್ಲ ಎಂದೇ ಎಲ್ಲರೂ ಹೇಳಿದ್ದು. ಬಳ್ಳಾರಿಯ ತಂಡ ಮೆದುಳಿನ ಸೋಂಕು ಶಂಕಿಸಿದ 58 ಮಕ್ಕಳ ಮಾದರಿಗಳನ್ನು ನೋಡಿದಾಗ ಎಂಟು ಮಕ್ಕಳಲ್ಲಿ, ಎಂದರೆ ಶೇಕಡ 14ರಲ್ಲಿ, ಚಿಕೂನ್‌ಗುನ್ಯಾ ವೈರಸ್ ಸೋಂಕು ಕಂಡಿತು. 2009ರಲ್ಲಿ ಇದು ಪ್ರಕಟವಾಯಿತು. ಕೀಲಿನ ರೋಗ ಎಂದುಕೊಂಡದ್ದು ಮಕ್ಕಳ ಮೆದುಳನ್ನೂ ಮುಟ್ಟಬಲ್ಲದು ಎಂಬ ತಿಳಿವಳಿಕೆ, ಬೇರೆಯದೇ ರೋಗವನ್ನು ಹುಡುಕುತ್ತ ವಾರ್ಡಿನಲ್ಲಿ ಕಾದು ಕೂತವರಿಗೆ ದಕ್ಕಿತು. ಅದೇ ಗುಂಪಿನವರು ಬಳ್ಳಾರಿಯ ಮತ್ತು ಮಲೇಷ್ಯಾದ ಮಕ್ಕಳನ್ನು ನೋಡಿ ಇನ್ನೊಂದು ಉಪಯುಕ್ತ ಕೆಲಸ ಮಾಡಿದರು. ಮೆದುಳು ಜ್ವರದಿಂದ ಉಳಿದ ಮಗು ಮಾತಾಡುತ್ತದೆಯೇ, ತಾನೇ ಉಣ್ಣುತ್ತದೆಯೇ, ನಡೆಯುತ್ತದೆಯೇ ಎಂಬ ಸರಳ ಪ್ರಶ್ನೆಗಳಿಂದ ಅಂಗವೈಕಲ್ಯವನ್ನು ಅಳೆಯುವ ಮಾಪನವನ್ನು ರೂಪಿಸಿ 2010ರಲ್ಲಿ ಪ್ರಕಟಿಸಿದರು. ದೊಡ್ಡ ಸ್ಕ್ಯಾನ್ ಯಂತ್ರಗಳಿಲ್ಲದ ಆಸ್ಪತ್ರೆಯಲ್ಲೂ ಬಳಸಬಹುದಾದ ಮಾಪನ ಇದು.

ಸೊನ್ನೆ ಎಣಿಕೆಯ ಅರ್ಥ

ಗೈಗರ್ ಎಣಿಕೆಯಂತ್ರದ ಪ್ರಯೋಗ ಮಾಡಿಸುವಾಗ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು, ಯಂತ್ರ ತೋರಿಸುವ ಸಂಖ್ಯೆ ವಿಕಿರಣದ ಸಂಖ್ಯೆಯಲ್ಲ ಎಂದು. ಅದನ್ನು ಯಂತ್ರದ ದಕ್ಷತೆಯಿಂದ ಭಾಗಿಸಬೇಕು. ರೋಗದ ಎಣಿಕೆಯೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ತೀವ್ರ ರೋಗ ಬರುತ್ತದೆ. ಹಾಗೆ ಬಂದವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾಯುತ್ತಾರೆ, ಉಳಿದವರಲ್ಲೂ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನರಿಗೆ ಶಾಶ್ವತ ತೊಂದರೆ ಉಳಿಯುತ್ತದೆ. ಆ ಒಬ್ಬ ರೋಗಿ ಆಸ್ಪತ್ರೆಗೆ ತಲುಪುವ ಸಂಭವ ಅರ್ಧ ಎನ್ನಿ. ಬೆನ್ನಿನ ದ್ರವ ತೆಗೆಯುವ ಸಂಭವ ಅರ್ಧ, ಮಾದರಿ ಸರಿಯಾದ ದಿನದ್ದಾಗಿರುವುದು ಅರ್ಧ, ಅದು ತಂಪು ಕೆಡದೆ ಪ್ರಯೋಗಾಲಯ ಮುಟ್ಟುವುದು ಅರ್ಧ. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆಗಳು ಅಷ್ಟೇ. ಗುಣಿಸಿದರೆ ಹದಿನಾರರಲ್ಲಿ ಒಂದು. ಅಂದರೆ ದಾಖಲೆಯ ಒಂದು ಪ್ರಕರಣದ ಹಿಂದೆ ಹದಿನಾರು ರೋಗಿಗಳು, ನಾಲ್ಕು ಸಾವಿರ ಸೋಂಕುಗಳು. ಯಾವ ಗುಣಕ ಸೊನ್ನೆಯಾದರೂ ಗುಣಲಬ್ಧ ಸೊನ್ನೆ. ದೇವದುರ್ಗದ ಯಾವುದೋ ತಾಂಡಾದಿಂದ ಒಂದೂ ಪ್ರಕರಣ ವರದಿಯಾಗಿಲ್ಲ ಎಂದರೆ ಅಲ್ಲಿ ರೋಗವಿಲ್ಲ ಎಂದೂ ಆಗಬಹುದು, ಅಲ್ಲಿಂದ ಬಸ್ಸಿಲ್ಲ ಎಂದೂ ಆಗಬಹುದು. ಪಟ್ಟಿಯಲ್ಲಿ ಎರಡೂ ಸೊನ್ನೆಗಳು ಒಂದೇ ಥರ ಕಾಣುತ್ತವೆ.

ಎಲ್ಲ ರೋಗಗಳಿಗೂ ಇಷ್ಟು ಪಾಡಿಲ್ಲ. ಒಂದು ಕಾಲದಲ್ಲಿ ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳ ನೀರಿನಿಂದ ಬರುತ್ತಿದ್ದ ನಾರುಹುಣ್ಣನ್ನು ಗುರುತಿಸಲು ಪ್ರಯೋಗಾಲಯ ಬೇಕಿರಲಿಲ್ಲ. ಕಾಲಿನಿಂದ ಹುಳು ಹೊರಗೆ ಬರುವುದು ಯಾರಿಗೂ ಕಾಣುತ್ತದೆ. ಆರೋಗ್ಯ ಕಾರ್ಯಕರ್ತರು ಮನೆಮನೆ ಹುಡುಕಿದರು, ಬಾವಿಗಳನ್ನು ಸರಿಪಡಿಸಿದರು, 1996ರಲ್ಲಿ ದೇಶದ ಕೊನೆಯ ಪ್ರಕರಣ ರಾಜಸ್ಥಾನದಲ್ಲಿ ಕಂಡಿತು, 2000ದಲ್ಲಿ ಭಾರತ ಮುಕ್ತವೆಂದು ಘೋಷಣೆಯಾಯಿತು. ಜ್ವರಗಳು ಹಾಗಲ್ಲ. ಹೊರಗಿನಿಂದ ಡೆಂಗಿ, ಚಿಕೂನ್‌ಗುನ್ಯಾ, ಜಿಕಾ ಮೂರೂ ಒಂದೇ ಮುಖ. ಮೂರನ್ನೂ ತರುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಅದಕ್ಕೆ ಗದ್ದೆ ಬೇಡ, ಮನೆಯ ಹಂಡೆ, ಡ್ರಮ್, ಸಿಮೆಂಟ್ ತೊಟ್ಟಿ ಸಾಕು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರಲ್ಲಿ ನೀರು ತುಂಬಿಡಬೇಡಿ ಎಂದು ಭಾಷಣ ಮಾಡುವುದು ಸುಲಭ.

ಪರೀಕ್ಷೆಯಲ್ಲೂ ಗೊಂದಲ ಇದೆ. ಡೆಂಗಿ, ಜಿಕಾ, ಜಪಾನೀಸ್ ಎನ್ಸೆಫಲೈಟಿಸ್, ವೆಸ್ಟ್ ನೈಲ್, ಮಂಗನ ಕಾಯಿಲೆ, ಇವುಗಳ ವೈರಸ್‌ಗಳು ಒಂದೇ ಕುಟುಂಬದವು. ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ಪ್ರತಿಕ್ರಿಯೆ ತೋರಬಹುದು. ಸಾಧಾರಣ ರೋಹಿತದರ್ಶಕದಲ್ಲಿ ಸೋಡಿಯಂನ ಎರಡು ಹಳದಿ ಗೆರೆಗಳು ಒಂದಾಗಿ ಕಂಡಂತೆ. 1954ರ ಆ 33 ಮಂದಿಯ ಫಲಿತಾಂಶವನ್ನು ಈಗಿನವರು ಎಚ್ಚರದಿಂದ ಓದುವುದು ಇದೇ ಕಾರಣಕ್ಕೆ. ಪಿಸಿಆರ್ ಹೆಚ್ಚು ಪೃಥಕ್ಕರಣ ಸಾಮರ್ಥ್ಯದ ಉಪಕರಣ. ವೈರಸ್ಸಿನದೇ ಆದ ತಳಿದ್ರವ್ಯದ ತುಣುಕನ್ನು ಪ್ರತಿ ಸುತ್ತಿನಲ್ಲೂ ದ್ವಿಗುಣಗೊಳಿಸುತ್ತದೆ, ಮೂವತ್ತು ಸುತ್ತಿಗೆ ಒಂದು ನೂರು ಕೋಟಿಗೂ ಹೆಚ್ಚಾಗುತ್ತದೆ. ಆದರೆ ರಕ್ತದಲ್ಲಿ ವೈರಸ್ ಇರುವುದು ರೋಗದ ಮೊದಲ ಕೆಲವೇ ದಿನ. ಜಿಕಾ ಮೂತ್ರದಲ್ಲಿ ಇನ್ನೂ ಕೆಲವು ದಿನ ಹೆಚ್ಚು ಸಿಗಬಹುದು. ರೋಗಿ ತಡವಾಗಿ ಬಂದರೆ ಎಷ್ಟೇ ಒಳ್ಳೆಯ ಯಂತ್ರವೂ ಕುರುಡು.

ಜಿಕಾವನ್ನು ಭಾರತದಲ್ಲಿ ಮೊದಲು ಪ್ರಯೋಗಾಲಯದಲ್ಲಿ ದೃಢಪಡಿಸಿದ್ದು ಅಹಮದಾಬಾದಿನಲ್ಲಿ, 2016–17ರಲ್ಲಿ. ಆ ಮೂವರಲ್ಲಿ ಒಬ್ಬರು ಜ್ವರವೆಂದು ಬಂದ ಹಿರಿಯರು, ಒಬ್ಬರು ಬಾಣಂತಿ, ಒಬ್ಬರು ತಪಾಸಣೆಗೆ ಬಂದ ಗರ್ಭಿಣಿ. ಮೂವರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತಮ್ಮ ಕಾರಣಕ್ಕೆ ಬಂದವರು. ಸೊಳ್ಳೆಗಳನ್ನೇ ಹಿಡಿದು ಪರೀಕ್ಷಿಸುವ ಇನ್ನೊಂದು ದಾರಿಯೂ ಇದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸೊಳ್ಳೆ ಮಾದರಿಯೊಂದರಲ್ಲಿ ಜಿಕಾ ಸಿಕ್ಕಿತು, ರೋಗಿಗಿಂತ ಮೊದಲೇ. ಅದು ಒಳ್ಳೆಯ ದಾರಿ. ಆದರೆ ಎಲ್ಲಿ ಸೊಳ್ಳೆ ಹಿಡಿಯಬೇಕು ಎಂದು ಹೇಳುವುದು ಮತ್ತೆ ಹಿಂದಿನ ರೋಗಿಗಳ ಪಟ್ಟಿಯೇ.

ಡಬ್ಬಿ ಹೋದ ದಾರಿ

ನಮ್ಮ ಜಿಲ್ಲೆಯ ಮಾದರಿಗಳ ಪ್ರಯಾಣ ದೊಡ್ಡದು. ರಾಯಚೂರಿನಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು, ಪುಣೆ ಅದಕ್ಕಿಂತಲೂ ದೂರ. ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 2007ರಲ್ಲಿ. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿಯೇ ಪಿಸಿಆರ್ ಪರೀಕ್ಷೆ ಶುರುವಾಯಿತು. ದಿನಗಟ್ಟಲೆ ಕಾಯುವುದು ತಪ್ಪಿದ್ದನ್ನು ಜನ ಕಣ್ಣಾರೆ ಕಂಡರು. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ, ವೈದ್ಯ, ಪ್ರಯೋಗಾಲಯ ಮೂವರೂ ವಾರಕ್ಕೊಮ್ಮೆ ತುಂಬುತ್ತಿದ್ದ ಹಾಳೆಗಳು 2021ರಿಂದ ಗಣಕಯಂತ್ರಕ್ಕೆ ಸೇರಿವೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆಯಿತು. ಅದರ ರಾಜಕೀಯ ನನಗೆ ತಿಳಿಯದು. ಆದರೆ ಸಂಶೋಧನೆಯೂ ಚಿಕಿತ್ಸೆಯೂ ಒಂದೇ ಸೂರಿನಡಿ ಇರುವ ಸಂಸ್ಥೆಯನ್ನು ಕೇಳಿದ ಜನ ಕಟ್ಟಡವೊಂದನ್ನಷ್ಟೇ ಕೇಳಿದರು ಎಂದು ನಾನು ಭಾವಿಸುವುದಿಲ್ಲ.

ಯಂತ್ರ ಹತ್ತಿರ ಬಂದರೂ ಇನ್ನೊಂದು ತುಂಡು ಬಾಕಿ ಇದೆ. ಕೆಲವು ವರ್ಷಗಳ ಹಿಂದೆ ದೇವದುರ್ಗ ತಾಲ್ಲೂಕಿನ ನನ್ನ ವಿದ್ಯಾರ್ಥಿಯೊಬ್ಬ ಪ್ರಯೋಗ ಮುಗಿದ ಮೇಲೆ ನಿಂತು, ‘ಸರ್, ಎ.ಇ.ಎಸ್. ಅಂದ್ರ ಏನ್ರಿ?’ ಎಂದು ಕೇಳಿದ. ಅವನ ತಮ್ಮನಿಗೆ ಚಿಕ್ಕವನಿದ್ದಾಗ ಜ್ವರ, ಸೆಳವು ಬಂದಿತ್ತಂತೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ ಇಪ್ಪತ್ತು ದಿನ ಇದ್ದು ಬಂದರಂತೆ. ಹುಡುಗ ಉಳಿದ. ಬಲಗೈ ಸ್ವಲ್ಪ ಸೋತಿದೆ, ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾನೆ.

ಎ.ಇ.ಎಸ್. ಎಂಬುದು ರೋಗದ ಹೆಸರಲ್ಲ, ರೋಗಗಳನ್ನು ಹಿಡಿಯಲು ಬೀಸಿದ ಬಲೆಯ ಹೆಸರು ಎಂದು ವಿವರಿಸಿದೆ. ಅದರೊಳಗೆ ಜಪಾನೀಸ್ ಎನ್ಸೆಫಲೈಟಿಸ್ ಇರಬಹುದು, ಡೆಂಗಿ ಇರಬಹುದು, ಔಷಧಿಯಿಂದ ಗುಣವಾಗುವ ಸ್ಕ್ರಬ್ ಟೈಫಸ್ ಕೂಡ ಇರಬಹುದು. ‘ಹಂಗಾದ್ರ ಇವನಿಗೆ ಬಂದಿದ್ದು ಯಾವುದ್ರಿ?’ ಎಂದ. ಮರುವಾರ ಹಳೆಯ ಕಡತ ತಂದ. ನೀರು ಬಿದ್ದು ಅಂಚು ಉಬ್ಬಿದ ರಟ್ಟು. ಔಷಧಿ ಚೀಟಿಗಳು, ಜ್ವರದ ನಕ್ಷೆ, ಬೆನ್ನಿನ ದ್ರವ ತೆಗೆಯಲು ತಂದೆ ಒತ್ತಿದ ಹೆಬ್ಬೆಟ್ಟಿನ ಗುರುತು. ಕೊನೆಯ ಹಾಳೆಯಲ್ಲಿ ಮಾದರಿಯನ್ನು ಕಳಿಸಿದ ತಾರೀಖು, ಮಾದರಿಯ ಸಂಖ್ಯೆ ಇದ್ದವು. ಫಲಿತಾಂಶದ ಮುಂದಿನ ಜಾಗ ಖಾಲಿ ಇತ್ತು. ಎಲ್ಲೋ ಒಂದು ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು ಉತ್ತರ ಇದ್ದಿರಬೇಕು. ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ವಿಚಾರಿಸಿ ನೋಡು ಎಂದು ಜಿಲ್ಲಾ ಸರ್ವೇಕ್ಷಣಾಧಿಕಾರಿಗಳ ಕಚೇರಿಯ ದಾರಿ ಹೇಳಿ ಕಳಿಸಿದೆ.